ತಡಕುವುದು ಬೇರೆ, ಒತ್ತುವುದು ಬೇರೆ

ಕಳೆದ ತಿಂಗಳು ಮಿಕ್ಸಿಯ ನಾಬ್ ಬಗ್ಗೆ ಬರೆಯುವಾಗ ಸುಮ್ನೆ ಒಂದು ಮಾತು ಹಾಕಿದ್ದೆ. ಕಣ್ಣು ಮುಚ್ಚಿಕೊಂಡು ಬಳಸಲು ಆಗದ ವಸ್ತುವನ್ನು ಅಡುಗೆಮನೆಗೆ ತರಬೇಡಿ ಅಂತ. ಅಷ್ಟಕ್ಕೇ ಈ ಸಲದ ಪತ್ರಗಳೆಲ್ಲ ಗುಂಡಿ, ಟಚ್, ಸ್ಕ್ರೀನು ಅಂತಲೇ ಬಂದಿವೆ. ಹೊಸ ಓದುಗರಿಗೆ ಹೇಳಿಬಿಡುತ್ತೇನೆ: ನಾನು ಡಿಸೈನ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಪೀಣ್ಯದ ಟೂಲ್‌ರೂಮ್‌ಗಳಲ್ಲಿ 31 ವರ್ಷ ಪ್ಲಾಸ್ಟಿಕ್ ಮೋಲ್ಡ್, ಅಂದರೆ ಪ್ಲಾಸ್ಟಿಕ್ ಕರಗಿಸಿ ತುಂಬುವ ಸ್ಟೀಲ್ ಅಚ್ಚು, ಮಾಡಿದವನು. ರೇಡಿಯೋ ನಾಬ್, ಫೋನಿನ ಗುಂಡಿ, ಸ್ಟೆಬಿಲೈಜರ್ ಮುಖ, ಪಂಪ್‌ಸೆಟ್ ಸ್ಟಾರ್ಟರಿನ ಡಬ್ಬಿ, ಹೀಗೆ. ಉತ್ತರಗಳು ಆ ಕಡೆಯಿಂದಲೇ ಬರುತ್ತವೆ.

ಪ್ರಶ್ನೆ: ಹೋದ ವರ್ಷ ಟಚ್ ಇರುವ ಇಂಡಕ್ಷನ್ ಒಲೆ ತಂದೆವು. ಒದ್ದೆ ಕೈಯಲ್ಲಿ ಮುಟ್ಟಿದರೆ ಮಾತೇ ಕೇಳುವುದಿಲ್ಲ. ಹಾಲು ಉಕ್ಕಿ ಗಾಜಿನ ಮೇಲೆ ಹರಿದರೆ ತಾನೇ ಏನೇನೋ ಒತ್ತಿಕೊಂಡು ಕುಂಯ್ ಅನ್ನುತ್ತದೆ. ನಮ್ಮ ಅತ್ತೆಗೆ 78 ವರ್ಷ, ಕಣ್ಣು ಮಂಜು. ಹಳೆಯ ಒಲೆಗೆ ನಾಬ್ ಇತ್ತು, ಅವರ ಕಾಫಿ ಅವರೇ ಮಾಡಿಕೊಳ್ಳುತ್ತಿದ್ದರು. ಈಗ ಪ್ರತಿ ಸಲ ನನ್ನನ್ನು ಕೂಗಬೇಕು. ಯಾಕೆ ಹೀಗೆ ಮಾಡುತ್ತಾರೆ ಸರ್? ಏನಾದರೂ ಉಪಾಯ ಇದೆಯಾ? (ಗೃಹಿಣಿ, ಶಿವಮೊಗ್ಗ)

ಉತ್ತರ: ತಾಯಿ, ಮೊದಲು ಅದು ಯಾಕೆ ಮಾತು ಕೇಳುವುದಿಲ್ಲ ಅಂತ ನೋಡೋಣ. ಗಾಜಿನ ಕೆಳಗೆ ಲೋಹದ ಸಣ್ಣ ಸಣ್ಣ ಪಟ್ಟಿಗಳಿರುತ್ತವೆ. ಅವುಗಳ ಸುತ್ತ ತೀರ ಸಣ್ಣದೊಂದು ವಿದ್ಯುತ್ ಕ್ಷೇತ್ರ. ನಮ್ಮ ಮೈಯೆಂದರೆ ಉಪ್ಪುನೀರಿನ ಚೀಲ, ಬೆರಳು ಹತ್ತಿರ ಬಂದರೆ ಆ ಕ್ಷೇತ್ರ ಚೂರು ಬದಲಾಗುತ್ತದೆ. ಒಳಗಿನ ಚಿಪ್ ಅದನ್ನು ಅಳೆದು "ಯಾರೋ ಮುಟ್ಟಿದರು" ಅಂತ ತೀರ್ಮಾನಿಸುತ್ತದೆ. ಚೆಲ್ಲಿದ ಹಾಲೂ ಆ ಕ್ಷೇತ್ರವನ್ನು ಹಾಗೇ ಕದಡುತ್ತದೆ. ಉಕ್ಕಿದ ಹಾಲು ಯಾವುದು, ನಿಮ್ಮ ಅತ್ತೆಯ ಬೆರಳು ಯಾವುದು ಅಂತ ಚಿಪ್ಪಿಗೆ ಹೇಗೆ ಗೊತ್ತಾಗಬೇಕು?

ಹಾಗಿದ್ದರೂ ಟಚ್ ಯಾಕೆ ಹಾಕುತ್ತಾರೆ ಅಂದರೆ, ದುಡ್ಡು. ಒಂದು ನಾಬ್ ಅಂದರೆ ಒಂದು ಮೋಲ್ಡ್. ಸ್ಟೀಲ್ ಕೊಯ್ಯಬೇಕು, ಪಾಲಿಶ್ ಹಿಡಿಯಬೇಕು, ಟ್ರಯಲ್ ಹೊಡೆಯಬೇಕು, ಅಂಚಿನಲ್ಲಿ ಫ್ಲ್ಯಾಶ್ (ಹೊರಗೆ ಹಿಂಡಿ ಬಂದ ಪ್ಲಾಸ್ಟಿಕ್ ಪೊರೆ) ಬಂದರೆ ಬಿಚ್ಚಿ ಮತ್ತೆ ಕೂರಿಸಬೇಕು. ಆಮೇಲೆ ಒಲೆಯ ಮೈಯಲ್ಲಿ ಒಂದು ತೂತು. ಆ ತೂತಿನಲ್ಲಿ ನೀರು ಇಳಿಯದ ಹಾಗೆ ಒಂದು ಸೀಲು. ಒಳಗೆ ತಿರುಗುವ ಭಾಗ ಬೇರೆ. ತಿರುಗುವುದು ಸವೆಯುತ್ತದೆ, ಸವೆದದ್ದು ಸರ್ವಿಸಿಗೆ ಬರುತ್ತದೆ. ಟಚ್‌ಗೆ ಇದ್ಯಾವ ಗೋಳೂ ಇಲ್ಲ. ಮುಂದಿನ ಮಾಡೆಲ್ ಬೇಕಾದರೆ ಮೇಲಿನ ಚಿತ್ರ ಬದಲಾಯಿಸಿದರೆ ಮುಗಿಯಿತು. ಒರೆಸುವುದೂ ಸುಲಭ, ಅಂಗಡಿಯ ದೀಪದಲ್ಲಿ ಮಿಂಚುತ್ತದೆ ಕೂಡ. ಈ ಲೆಕ್ಕದೊಳಗೆ ನಿಮ್ಮ ಅತ್ತೆಯ ಕಾಫಿ ಎಲ್ಲೂ ಬರಲಿಲ್ಲ, ನೋಡಿ.

ಆದರೆ ನನ್ನ ತಕರಾರು ಹಾಲಿನದಲ್ಲ. ಕರೆಂಟು ಹೋದಾಗ ನೀವು ಸ್ವಿಚ್ ಹೇಗೆ ಹುಡುಕುತ್ತೀರಿ? ಗೋಡೆ ಸವರುತ್ತೀರಿ, ಬೋರ್ಡು ಸಿಗುತ್ತದೆ. ಒಂದು, ಎರಡು, ಮೂರು ಅಂತ ಬೆರಳಲ್ಲೇ ಎಣಿಸುತ್ತೀರಿ. ಮೂರನೆಯದನ್ನು ಒತ್ತುತ್ತೀರಿ. ಮೊದಲೆರಡನ್ನು ಮುಟ್ಟಿದ್ದಕ್ಕೆ ಏನೂ ಆಗಲಿಲ್ಲ, ಅಲ್ವಾ? ಅಲ್ಲಿ ತಡಕುವುದು ಬೇರೆ, ಒತ್ತುವುದು ಬೇರೆ. ಟಚ್ ಒಲೆಯಲ್ಲಿ ತಡಕಿದರೆ ಒತ್ತಿದ ಹಾಗೆಯೇ. ಹಾಗಾಗಿ ಮೊದಲು ಕಣ್ಣಿಂದ ನೋಡಲೇಬೇಕು. ಕಣ್ಣು ಮಂಜಾದವರಿಗೆ ಅದು ಬಾಗಿಲು ಮುಚ್ಚಿದ ಅಂಗಡಿ.

ಉಪಾಯ ಹೀಗಿದೆ. ದೃಷ್ಟಿ ಇಲ್ಲದವರಿಗಾಗಿ ಉಬ್ಬಿದ ಚುಕ್ಕಿ ಸ್ಟಿಕ್ಕರುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಸಿಗದಿದ್ದರೆ ಎಂ-ಸೀಲ್ ತಂದು ಕಡಲೆಬೇಳೆ ಗಾತ್ರಕ್ಕೆ ಉಂಡೆ ಮಾಡಿ. ಗುಂಡಿಯ ಮೇಲೆ ಅಂಟಿಸಬೇಡಿ, ಅದನ್ನು ಹುಡುಕಲು ಹೋದಾಗಲೇ ಒತ್ತಿಬಿಡುತ್ತದೆ. ಒಲೆಯ ಮುಂದಿನ ಅಂಚಿನಲ್ಲಿ, ಆಯಾ ಗುಂಡಿಯ ನೇರಕ್ಕೆ ಕೆಳಗೆ ಅಂಟಿಸಿ. ಆನ್-ಆಫ್‌ಗೆ ಒಂದು ಉಂಡೆ, ಕಡಿಮೆ ಮಾಡುವುದಕ್ಕೆ ಎರಡು, ಜಾಸ್ತಿ ಮಾಡುವುದಕ್ಕೆ ಮೂರು. ಅತ್ತೆಯ ಬೆರಳು ಅಂಚಿನಲ್ಲಿ ಎಣಿಸಿಕೊಂಡು ಹೋಗಲಿ, ಸಿಕ್ಕಿದ ಮೇಲೆ ನೇರ ಮುಂದಕ್ಕೆ ಜಾರಿ ಮುಟ್ಟಲಿ. ದೋಸೆ, ಇಡ್ಲಿ, ಪಾಯಸ ಅಂತ ಇರುವ ಉಳಿದ ಗುಂಡಿಗಳನ್ನು ಮರೆತುಬಿಡಿ. ಅವುಗಳನ್ನು ಯಾರೂ ಒತ್ತಿದ್ದು ನಾನು ಕಂಡಿಲ್ಲ. ಮುಂದಿನ ಸಲ ಕೊಳ್ಳುವಾಗ ನಾಬ್ ಇರುವ ಇಂಡಕ್ಷನ್ ಒಲೆಯನ್ನೇ ಕೇಳಿ, ಮಾರುಕಟ್ಟೆಯಲ್ಲಿ ಇವೆ. ಅಂಗಡಿಯಲ್ಲೇ ಅತ್ತೆಯ ಕೈಗೆ ಕೊಟ್ಟು ನೋಡಿ.

ಪ್ರಶ್ನೆ: ಕಾರು ಕೊಳ್ಳುವವನಿದ್ದೇನೆ. ನೋಡಿದ ಎರಡರಲ್ಲಿ ಒಂದಕ್ಕೆ ಎಸಿ, ರೇಡಿಯೋ ಎಲ್ಲ ದೊಡ್ಡ ಸ್ಕ್ರೀನಿನಲ್ಲೇ. ಇನ್ನೊಂದಕ್ಕೆ ನಾಬ್‌ಗಳಿವೆ. ಷೋರೂಮಿನ ಹುಡುಗ "ನಾಬ್ ಎಲ್ಲ ಹಳೇ ಕಾಲದ್ದು ಅಂಕಲ್" ಅನ್ನುತ್ತಾನೆ. ನೀವೇನು ಹೇಳುತ್ತೀರಿ? (ಔಷಧಿ ವ್ಯಾಪಾರಿ, ಹುಬ್ಬಳ್ಳಿ)

ಉತ್ತರ: ಆ ಹುಡುಗನಿಗೆ ಒಂದು ಕತೆ ಹೇಳಿ. 2022ರಲ್ಲಿ ಸ್ವೀಡನ್ನಿನ ಕಾರು ಪತ್ರಿಕೆಯೊಂದು 11 ಹೊಸ ಕಾರುಗಳನ್ನೂ 2005ರ ಒಂದು ಹಳೆಯ ವೋಲ್ವೋವನ್ನೂ ವಿಮಾನ ನಿಲ್ದಾಣದ ರನ್‌ವೇಗೆ ತಂದಿತು. ಗಂಟೆಗೆ 110 ಕಿಲೋಮೀಟರ್ ವೇಗ. ಓಡಿಸುತ್ತಲೇ ಸೀಟಿನ ಬಿಸಿ ಹಾಕುವುದು, ರೇಡಿಯೋ ಚಾನೆಲ್ ಹಿಡಿಯುವುದು, ಇಂಥ ನಾಲ್ಕು ಕೆಲಸ ಮುಗಿಸಬೇಕು. ಕಾರು ಅಭ್ಯಾಸ ಮಾಡಿಕೊಳ್ಳಲು ಚಾಲಕರಿಗೆ ಮೊದಲೇ ಸಮಯವನ್ನೂ ಕೊಟ್ಟಿದ್ದರು. ನಾಬ್ ತುಂಬಿದ ಹಳೆಯ ವೋಲ್ವೋದಲ್ಲಿ ಎಲ್ಲ ಮುಗಿದದ್ದು 10 ಸೆಕೆಂಡಿನಲ್ಲಿ, ಅಷ್ಟರಲ್ಲಿ ಕಾರು ಹೋದದ್ದು 306 ಮೀಟರ್. ಕೊನೆಗೆ ಬಿದ್ದ ಸ್ಕ್ರೀನ್ ಕಾರಿಗೆ ಹಿಡಿದದ್ದು 44.6 ಸೆಕೆಂಡ್, ಹೋದ ದೂರ 1,372 ಮೀಟರ್. ನಿಮ್ಮ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಎದುರಿಗೆ ಲಾರಿ ಬರುವಾಗ ಒಂದೂಕಾಲು ಕಿಲೋಮೀಟರಿಗಿಂತ ಜಾಸ್ತಿ ದೂರ ಕಣ್ಣು ಸ್ಕ್ರೀನಿಗೂ ರಸ್ತೆಗೂ ಓಡಾಡುತ್ತಿದ್ದರೆ ಹೇಗಿರುತ್ತದೆ, ಯೋಚಿಸಿ.

ಇದಕ್ಕಿಂತ ದೊಡ್ಡ ಕತೆ ಸಮುದ್ರದ್ದು. 2017ರ ಆಗಸ್ಟ್ 21ರ ಬೆಳಗಿನ ಜಾವ, ಸಿಂಗಪುರದ ಹತ್ತಿರ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲ ಹಡಗಿಗೆ ಅಡ್ಡ ಹೋಗಿ ಡಿಕ್ಕಿಯಾಯಿತು. 10 ನಾವಿಕರು ಸತ್ತರು. ಆ ಹಡಗಿನ ಚುಕ್ಕಾಣಿ, ವೇಗ ಎಲ್ಲ ಟಚ್‌ಸ್ಕ್ರೀನಿಗೆ ಬಂದಿದ್ದವು. ಒಬ್ಬನ ಕೆಲಸವನ್ನು ಇಬ್ಬರಿಗೆ ಹಂಚಲು ಹೋದಾಗ ಚುಕ್ಕಾಣಿಯ ಹಿಡಿತ ಗೊತ್ತಾಗದೆ ಪಕ್ಕದ ಸ್ಕ್ರೀನಿಗೆ ಹೊರಟುಹೋಯಿತು. ಚುಕ್ಕಾಣಿ ಹಿಡಿದವನು "ಕೈ ತಪ್ಪಿತು" ಅಂದುಕೊಂಡ. ವೇಗ ಇಳಿಸಲು ಹೋದರೆ ಎರಡು ಕಡೆಯ ಪ್ರೊಪೆಲರ್‌ಗಳ ವೇಗ ಒಟ್ಟಿಗೆ ಬದಲಾಗುವ ಜೋಡಣೆ ಸ್ಕ್ರೀನಿನೊಳಗೆ ತಪ್ಪಿಹೋಗಿತ್ತು, ಒಂದರ ವೇಗ ಮಾತ್ರ ಇಳಿಯಿತು, ಹಡಗು ಇನ್ನಷ್ಟು ತಿರುಗಿತು. ಹಳೆಯ ಕಾಲದ ಎರಡು ಹಿಡಿಕೆಗಳಿದ್ದರೆ ಒಂದು ಮುಂದೆ, ಒಂದು ಹಿಂದೆ ಇರುವುದು ಕೈಗೇ ಗೊತ್ತಾಗುತ್ತಿತ್ತು. ತಪ್ಪು ಸ್ಕ್ರೀನಿನದು ಮಾತ್ರ ಅಲ್ಲ, ತರಬೇತಿ ಸಾಲದೆ ಹೋದದ್ದೂ ನಿದ್ದೆ ಸಾಲದೆ ಹೋದದ್ದೂ ತನಿಖೆಯಲ್ಲಿ ಬಂತು. ಆದರೂ 2019ರಲ್ಲಿ ಅಮೆರಿಕದ ನೌಕಾಪಡೆ ಆ ಬಗೆಯ ಹಡಗುಗಳಿಗೆ ಮತ್ತೆ ಹಿಡಿಕೆ ಕೂರಿಸುತ್ತೇವೆ ಅಂತ ಹೇಳಿತು.

ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಲೆಕ್ಕ ಬದಲಾಯಿಸಿದೆ. ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗುವ ನಿಜವಾದ ಗುಂಡಿಯೋ ಹಿಡಿಕೆಯೋ ಇಲ್ಲದಿದ್ದರೆ ಅಂಕ ಹೋಗುತ್ತದೆ. ಹಳೇ ಕಾಲದ್ದು ಯಾವುದು ಅಂತ ಆ ಹುಡುಗನೇ ಹೇಳಲಿ.

ನನ್ನ ಸಲಹೆ: ಮ್ಯಾಪಿಗೆ, ರಿವರ್ಸ್ ಕ್ಯಾಮೆರಾಗೆ ಸ್ಕ್ರೀನ್ ಇರಲಿ, ಅದು ಅದರ ಜಾಗ. ಎಸಿ ಮತ್ತು ಧ್ವನಿಗೆ ನಾಬ್ ಇರುವ ಕಾರೇ ತೆಗೆದುಕೊಳ್ಳಿ.

ಪ್ರಶ್ನೆ: ಫೋನಿನಲ್ಲಿ 1, 2, 3 ಮೇಲಿನ ಸಾಲಿನಲ್ಲಿದೆ. ಅದೇ ಕ್ಯಾಲ್ಕುಲೇಟರಿನಲ್ಲಿ 7, 8, 9 ಮೇಲಿದೆ. ಒಂದೇ ಫೋನಿನೊಳಗೆ ಎರಡೂ ಬೇರೆ ಬೇರೆ! ಇದು ಯಾರ ತಪ್ಪು? (ಪಿಯು ವಿದ್ಯಾರ್ಥಿನಿ, ಮಂಡ್ಯ)

ಉತ್ತರ: ಯಾರ ತಪ್ಪೂ ಅಲ್ಲ ಮಗು, ಎರಡು ಬೇರೆ ಮನೆತನ. ಕ್ಯಾಲ್ಕುಲೇಟರಿನ ಮುತ್ತಜ್ಜ ಲೆಕ್ಕದ ಯಂತ್ರ. ಅದರಲ್ಲಿ ಬಿಡಿ, ಹತ್ತು, ನೂರು ಅಂತ ಒಂದೊಂದಕ್ಕೂ ಒಂದು ಕಂಬಸಾಲು, ಪ್ರತಿ ಸಾಲಿನ ಬುಡದಲ್ಲಿ 1, ತುದಿಯಲ್ಲಿ 9. ಆಮೇಲೆ ಹತ್ತೇ ಗುಂಡಿಯ ಯಂತ್ರ ಬಂದಾಗಲೂ ಸಣ್ಣದು ಕೆಳಗೆ, ದೊಡ್ಡದು ಮೇಲೆ ಅನ್ನುವ ರೂಢಿ ಉಳಿಯಿತು.

ಫೋನಿನವರು ಹಾಗೆ ಒಪ್ಪಲಿಲ್ಲ. ಅಮೆರಿಕದ ಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಗುಂಡಿಗಳನ್ನು ಎಷ್ಟೋ ಥರ ಜೋಡಿಸಿ, ಜನರ ಕೈಯಲ್ಲಿ ಒತ್ತಿಸಿ ನೋಡಿದರು. ಎಷ್ಟು ಬೇಗ ಒತ್ತುತ್ತಾರೆ, ಎಷ್ಟು ತಪ್ಪು ಮಾಡುತ್ತಾರೆ, ಯಾವುದು ಇಷ್ಟವಾಯಿತು, ಎಲ್ಲ ಬರೆದಿಟ್ಟರು. ಆ ವರದಿ 1960ರಲ್ಲಿ ಅಚ್ಚಾಯಿತು. ಓದುವ ಹಾಗೆ ಮೇಲಿನಿಂದ 1, 2, 3 ಇದ್ದ ಜೋಡಣೆ ಗೆದ್ದಿತು. 1963ರ ನವೆಂಬರಿನಲ್ಲಿ ಗುಂಡಿ ಫೋನು ಅಲ್ಲಿನ ಜನರ ಮನೆಗೆ ಬಂತು. ಗುಂಡಿಯನ್ನು ಎಷ್ಟು ಆಳ ಒತ್ತಬೇಕು, ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನೂ ಅಳೆದಿದ್ದರು. ಫೋನಿನ ಗುಂಡಿಗೆ ಮೋಲ್ಡ್ ಮಾಡಿದವನಾಗಿ ಹೇಳುತ್ತೇನೆ, ಆ ಅಳತೆಯೇ ನಿಜವಾದ ಡಿಸೈನ್. ಬಣ್ಣ ಆಮೇಲೆ.

ಒಂದು ಕೆಲಸ ಮಾಡು. ಎಟಿಎಂನಲ್ಲಿ 5ರ ಮೇಲೆ ಬೆರಳಿಟ್ಟು ನೋಡು. ಸಣ್ಣ ಉಬ್ಬು ಇದೆ. ಕಂಪ್ಯೂಟರ್ ಕೀಲಿಮಣೆಯಲ್ಲಿ ಎಫ್ ಮತ್ತು ಜೆ ಮೇಲೂ ಇದೆ. ಕೈ ಮನೆ ಸೇರಿತು ಅಂತ ಬೆರಳಿಗೆ ಹೇಳುವ ಗುರುತು ಅದು.

ನಮ್ಮ ಮನೆಯಲ್ಲಿ ಇದ್ದದ್ದು ದೂರವಾಣಿನಗರದ ಐಟಿಐ ಕಾರ್ಖಾನೆಯ ಡಯಲ್ ಫೋನು. ಅದರಲ್ಲಿ 1 ತಿರುಗಿಸಿದರೆ ಒಂದು ಬಡಿತ, 0 ತಿರುಗಿಸಿದರೆ ಹತ್ತು. ಪೊಲೀಸರ 100ಕ್ಕೆ 21 ಬಡಿತ ಆಗುವ ತನಕ ಕಾಯಬೇಕಿತ್ತು! ಈಗಿನ 112ಕ್ಕೆ ಆ ಫೋನಿನಲ್ಲಿ ನಾಲ್ಕೇ ಬಡಿತ ಸಾಕಾಗುತ್ತಿತ್ತು. ಅದು ಬರುವಷ್ಟರಲ್ಲಿ ಡಯಲ್ಲೇ ಹೋಯಿತು.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕ. ಎಷ್ಟೋ ಚುನಾವಣೆಯ ಡ್ಯೂಟಿ ಮಾಡಿದ್ದೇನೆ. ಮತಯಂತ್ರ ನೋಡಿದಾಗಲೆಲ್ಲ ಅನ್ನಿಸುತ್ತದೆ, ಇಷ್ಟು ಮುಂದುವರಿದ ಕಾಲದಲ್ಲಿ ಇದು ಯಾಕೆ ಹಳೆಯ ಟೇಪ್‌ರೆಕಾರ್ಡರ್ ಥರ ಇದೆ? ಒಂದು ಟಚ್‌ಸ್ಕ್ರೀನ್ ಹಾಕಬಾರದೇ? (ಶಿಕ್ಷಕರು, ಚಾಮರಾಜನಗರ)

ಉತ್ತರ: ಮೇಷ್ಟ್ರೇ, ಈ ಪ್ರಶ್ನೆಗೆ ಕಾಯುತ್ತಿದ್ದೆ. ಯಂತ್ರದ ಸುತ್ತ ನಡೆಯುವ ರಾಜಕೀಯ ಜಗಳ ನನಗೆ ಬೇಡ, ನಾನು ಆಕಾರದ ಬಗ್ಗೆ ಮಾತ್ರ ಮಾತಾಡುತ್ತೇನೆ. ನನ್ನ ಪ್ರಕಾರ ನಮ್ಮ ದೇಶದಲ್ಲಿ ಆದ ಒಳ್ಳೆಯ ಡಿಸೈನ್‌ಗಳಲ್ಲಿ ಅದು ಒಂದು. ಮಾಡುವವರು ಎರಡು ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿಗಳು, ನಮ್ಮ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಆಕಾರಕ್ಕೆ ಕೈ ಹಾಕಿದವರು ಮುಂಬಯಿ ಐಐಟಿಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಅಧ್ಯಾಪಕರು. ಮೊದಲು ಬಳಸಿದ್ದು 1982ರಲ್ಲಿ, ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ. 2004ರ ಲೋಕಸಭೆಗೆ ದೇಶಕ್ಕೆಲ್ಲ ಬಂತು.

ಒಬ್ಬ ಮತದಾರಳನ್ನು ನೆನಪಿಸಿಕೊಳ್ಳಿ. ಓದು ಬರದ ಅಜ್ಜಿ, ಬೆರಳು ಒರಟು, ಐದು ವರ್ಷಕ್ಕೊಮ್ಮೆ ಮಾತ್ರ ಈ ಯಂತ್ರ ನೋಡುವವಳು. ಅವಳಿಗೆ ಮೆನು ಇಲ್ಲ, ಮುಂದಿನ ಪುಟ ಇಲ್ಲ. ಚಿಹ್ನೆ, ಅದರ ಪಕ್ಕ ನೀಲಿ ಗುಂಡಿ, ಅಷ್ಟೇ. ಒಂದು ಪೆಟ್ಟಿಗೆಯಲ್ಲಿ 16 ಸಾಲು, ಅಭ್ಯರ್ಥಿಗಳು ಜಾಸ್ತಿಯಾದರೆ ಪಕ್ಕಕ್ಕೆ ಇನ್ನೊಂದು ಪೆಟ್ಟಿಗೆ. ಸ್ಕ್ರೀನಾಗಿದ್ದರೆ "ಕೆಳಗೆ ಜಾರಿಸಿ" ಅಂತ ಹೇಳಬೇಕಿತ್ತು. ಕೆಳಗಿರುವ ಅಭ್ಯರ್ಥಿ ಸುಮ್ಮನಿರುತ್ತಿದ್ದನೇ? ಗುಂಡಿ ಒತ್ತಿದರೆ ಪಕ್ಕದಲ್ಲೇ ಕೆಂಪು ದೀಪ. ಕಣ್ಣಿಲ್ಲದವರಿಗೆ ಬಲಗಡೆ ಬ್ರೈಲ್ ಅಂಕಿ. ಅವರು ತಡಕಬಹುದು, ತಡಕಿದ್ದಕ್ಕೆ ಮತ ಬೀಳುವುದಿಲ್ಲ.

ಆಮೇಲೆ ಆ ಉದ್ದನೆಯ ಬೀಪ್. ಅದು ಅಜ್ಜಿಗೆ ಮಾತ್ರ ಅಂದುಕೊಂಡಿರಾ? ಮತ ಬಿದ್ದದ್ದು ಕೋಣೆಯಲ್ಲಿ ಕೂತ ಎಲ್ಲ ಏಜೆಂಟರಿಗೂ ಕೇಳಬೇಕು, ಯಾರಿಗೆ ಬಿತ್ತು ಅಂತ ಗೊತ್ತಾಗಬಾರದು. ಒಂದೇ ಶಬ್ದದಲ್ಲಿ ಎರಡು ಕೆಲಸ. ನಿಮ್ಮ ಮೇಜಿನ ಕಂಟ್ರೋಲ್ ಯೂನಿಟ್ಟಿನಲ್ಲಿ 'ಬ್ಯಾಲೆಟ್' ಒತ್ತದೆ ಮುಂದಿನ ಮತ ಇಲ್ಲ. ಮತದಾನ ಮುಗಿಸುವ 'ಕ್ಲೋಸ್' ಗುಂಡಿಗೆ ಬೇರೆ ಟೋಪಿ, ಅದನ್ನು ತೆಗೆದೇ ಒತ್ತಬೇಕು, ಕೈ ತಪ್ಪಿ ಒತ್ತಿಹೋಗುವ ಮಾತಿಲ್ಲ. ಫಲಿತಾಂಶದ ಗುಂಡಿಗಳು ಬಾಗಿಲಿನ ಹಿಂದೆ, ಬಾಗಿಲಿಗೆ ಸೀಲು. ಒಂದು ಗುಂಡಿಯನ್ನು ಯಾವಾಗ, ಯಾರು, ಎಷ್ಟು ಕಷ್ಟಪಟ್ಟು ಒತ್ತಬೇಕು ಅನ್ನುವುದನ್ನು ಪ್ಲಾಸ್ಟಿಕ್ಕಿನಲ್ಲೇ ಬರೆದಿಟ್ಟಿದ್ದಾರೆ. ಬ್ಯಾಟರಿಯಲ್ಲಿ ಓಡುತ್ತದೆ, ಹಾಗಾಗಿ ಕರೆಂಟಿಲ್ಲದ ಹಾಡಿಗೂ ಹೋಗುತ್ತದೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಡೆ ಡ್ಯೂಟಿ ಬಿದ್ದಿದ್ದರೆ ಅದರ ಬೆಲೆ ನಿಮಗೆ ಗೊತ್ತು.

ಆಮೇಲೆ ಸೇರಿದ ವಿವಿಪ್ಯಾಟ್ ಯಂತ್ರದಲ್ಲಿ, ಮತ ಯಾರಿಗೆ ಬಿತ್ತು ಅಂತ ತೋರಿಸುವ ಚೀಟಿ ಗಾಜಿನ ಹಿಂದೆ 7 ಸೆಕೆಂಡ್ ಕಾಣುತ್ತದೆ. ನನ್ನ ಹೆಂಡತಿ ಕನ್ನಡಕ ತೆಗೆದು ಹಾಕಿಕೊಳ್ಳುವಷ್ಟರಲ್ಲಿ ಮೂರು ಸೆಕೆಂಡ್ ಹೋಗಿತ್ತಂತೆ. ಅಲ್ಲಿ ಮಾತ್ರ ಸ್ವಲ್ಪ ಜಾಸ್ತಿ ಸಮಯ ಕೊಡಬಹುದಿತ್ತು ಅಂತ ನನ್ನ ಅನಿಸಿಕೆ.

ಪ್ರಶ್ನೆ: ಕ್ಷಮಿಸಿ ಸರ್, ಇದೆಲ್ಲ ಹಳೆಯದರ ಮೇಲಿನ ಮೋಹ ಅಲ್ವಾ? ನಾನು ಆ್ಯಪ್ ಡಿಸೈನರ್. ಸ್ಕ್ರೀನ್ ಬಂದ ಮೇಲೆ ಎಷ್ಟು ಜನರಿಗೆ ಅನುಕೂಲ ಆಗಿಲ್ಲ? (ಆ್ಯಪ್ ಡಿಸೈನರ್, ಮಲ್ಲೇಶ್ವರ)

ಉತ್ತರ: ಕ್ಷಮೆ ಯಾಕಪ್ಪಾ, ಅರ್ಧ ಸರಿಯಾಗಿಯೇ ಕೇಳಿದ್ದೀ. ಕನ್ನಡವನ್ನೇ ತೆಗೆದುಕೋ. ಗುಂಡಿ ಫೋನಿನ ಕಾಲದಲ್ಲಿ ಕನ್ನಡದ ಅಕ್ಷರಗಳನ್ನೆಲ್ಲ ಹತ್ತು ಹನ್ನೆರಡು ಗುಂಡಿಗೆ ತುರುಕುತ್ತಿದ್ದರು. "ಅಕ್ಕ" ಅಂತ ಬರೆಯುವಷ್ಟರಲ್ಲಿ ಅಕ್ಕನ ಮನೆಗೇ ಹೋಗಿ ಬರಬಹುದಿತ್ತು. ಗುಂಡಿಗೆ ಒಂದೇ ಮುಖ, ಅಚ್ಚು ಹಾಕಿದ ಮೇಲೆ ಮುಗಿಯಿತು. ಸ್ಕ್ರೀನು ಮುಖ ಬದಲಾಯಿಸುತ್ತದೆ. ಇವತ್ತು ನನ್ನ ಮೊಮ್ಮಗಳು ಒತ್ತಕ್ಷರ ಸಮೇತ ಕನ್ನಡ ಬರೆಯುತ್ತಾಳೆ ಅಂದರೆ ಅದು ಸ್ಕ್ರೀನಿನ ಉಪಕಾರ, ನನ್ನಂಥ ಮೋಲ್ಡ್ ಮೇಸ್ತ್ರಿಯದಲ್ಲ.

ಆದರೆ ಇನ್ನೊಂದು ಕತೆಯೂ ಇದೆ. ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಬೇರೆ ಕೀಲಿಮಣೆ ಅಚ್ಚು ಹಾಕಿಸುವ ಬದಲು ಕೆ.ಪಿ. ರಾವ್ ಅವರು ಇರುವ ಇಂಗ್ಲಿಷ್ ಕೀಲಿಮಣೆಯ ಮೇಲೇ ಕನ್ನಡ ಕೂರಿಸಿದರು. ಕೆ ಒತ್ತಿದರೆ ಕ, ಜಿ ಒತ್ತಿದರೆ ಗ, ಒತ್ತಕ್ಷರ ಬೇಕಾದರೆ ನಡುವೆ ಎಫ್. ಒಂದು ಸ್ಕ್ರೂ ಕೂಡ ಬದಲಾಗಲಿಲ್ಲ. ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು. ಬೆರಳಿಗೆ ಆಗಲೇ ಗೊತ್ತಿದ್ದದ್ದನ್ನು ಬಿಡಿಸದೆ ಹೊಸದನ್ನು ಅದರ ಮೇಲೆ ಕಟ್ಟಿದರು. ನೀನು ಆ್ಯಪ್ ಮಾಡುವಾಗ 'ಸರಿ' ಗುಂಡಿಯನ್ನು ಪ್ರತಿ ಅಪ್‌ಡೇಟಿಗೂ ಬೇರೆ ಮೂಲೆಗೆ ಓಡಿಸುತ್ತೀಯಲ್ಲ, ಅದೇ ನನಗೆ ಬೇಜಾರು.

ಇನ್ನು ಮೋಹದ ಮಾತು. ನಿಮ್ಮವರೂ ಗುಂಡಿಯನ್ನು ಪೂರ್ತಿ ಬಿಡಲಿಲ್ಲ, ಗೊತ್ತಾ? 2016ರ ಐಫೋನ್ 7ರಲ್ಲಿ ಹೋಮ್ ಗುಂಡಿ ಒತ್ತಿದರೆ ಒಳಕ್ಕೆ ಹೋಗುವುದೇ ಇಲ್ಲ. ಒಳಗೊಂದು ಪುಟ್ಟ ಮೋಟರು ನಡುಗಿ, ಒತ್ತಿದ ಹಾಗೆ ಬೆರಳಿಗೆ ಸುಳ್ಳು ಹೇಳುತ್ತದೆ. ಸುಳ್ಳಾದರೂ ಪರವಾಗಿಲ್ಲ, ಬೆರಳಿಗೊಂದು ಉತ್ತರ ಬೇಕು ಅಂತ ಅವರಿಗೂ ಗೊತ್ತಿತ್ತು.

ಪ್ರಶ್ನೆ: ಎಲ್ಲ ಫೋನಿನಲ್ಲೇ ಬರುವಾಗ, ದುಡ್ಡು ಬಂತು ಅಂತ ಕೂಗುವ ಆ ಡಬ್ಬಿಗೆ ತಿಂಗಳು ತಿಂಗಳು ಬಾಡಿಗೆ ಯಾಕೆ ಕೊಡಬೇಕು? (ಮಿರ್ಚಿ-ಮಂಡಕ್ಕಿ ಅಂಗಡಿಯವರು, ದಾವಣಗೆರೆ)

ಉತ್ತರ: ಕೊಡಿ ಅಣ್ಣ, ಕೊಡಿ. ನಿಮ್ಮ ಎರಡೂ ಕೈ ಕಡಲೆಹಿಟ್ಟಿನಲ್ಲಿ ಇರುತ್ತವೆ. ಕಣ್ಣು ಎಣ್ಣೆಯ ಮೇಲೆ. ಖಾಲಿ ಇರುವುದು ಕಿವಿ ಒಂದೇ. ಅದಕ್ಕೇ ಆ ಡಬ್ಬಿ ಕನ್ನಡದಲ್ಲಿ ಕೂಗಿ ಹೇಳುತ್ತದೆ. ಗಿರಾಕಿ ಹಳೆಯ ಸ್ಕ್ರೀನ್‌ಶಾಟ್ ತೋರಿಸಿ ಜಾರಿಕೊಳ್ಳುವುದೂ ನಿಲ್ಲುತ್ತದೆ. ಎರಡೋ ಮೂರೋ ಗುಂಡಿ, ಒಂದು ಸ್ಪೀಕರು. ಫೋನಿನೊಳಗೆ ಸೇರಿಹೋದ ಕೆಲಸವೊಂದು ಮತ್ತೆ ಹೊರಗೆ ಬಂದು ಡಬ್ಬಿಯಾಗಿ ಕೂತದ್ದು ನನಗಂತೂ ಖುಷಿ. ಎಣ್ಣೆ ಸಿಡಿಯದ ಹಾಗೆ ಮಾತ್ರ ಇಡಿ.

ಪ್ರಶ್ನೆ: ನಾವು ಮೂರು ತಲೆಮಾರಿನಿಂದ ಅರಗಿನ ಬೊಂಬೆ ಕಡೆಯುವವರು. ಬೆಂಗಳೂರಿನ ಹೊಸ ಕಂಪನಿಯವರು ತಮ್ಮ ಸ್ಪೀಕರಿಗೆ ಮರದ ನಾಬ್ 200 ಬೇಕು ಅಂದಿದ್ದಾರೆ. ಸ್ಯಾಂಪಲ್ ಕೊಟ್ಟೆವು. ಎರಡು ತಿಂಗಳಲ್ಲಿ ಸಡಿಲ ಆಗಿ ಸುಮ್ಮನೆ ತಿರುಗುತ್ತದೆ, ಕೈಯಲ್ಲೂ ಜಾರುತ್ತದೆ ಅಂತ ವಾಪಸ್ ಕಳಿಸಿದರು. (ಕುಶಲಕರ್ಮಿ, ಚನ್ನಪಟ್ಟಣ)

ಉತ್ತರ: ತಮ್ಮಾ, ನಿನ್ನ ಪತ್ರ ಓದಿ ಎದ್ದು ಕೂತೆ. ಒಂದೊಂದಾಗಿ ನೋಡೋಣ.

ಸಡಿಲ ಆಗುವುದು ಯಾಕೆಂದರೆ, ಸ್ಪೀಕರಿನ ಒಳಗಿನ ಕಡ್ಡಿ ಸಾಮಾನ್ಯವಾಗಿ 6 ಮಿಲಿಮೀಟರಿನದು, ಒಂದು ಪಕ್ಕ ಚಪ್ಪಟೆ. ನೀನು ಆಲೆ ಮರದಲ್ಲೇ ಆ ಆಕಾರದ ತೂತು ಕೊರೆದಿರುತ್ತೀ. ಆಲೆ ಮೆತ್ತನೆಯ ಮರ. ದಿನಾ ತಿರುಗಿಸಿದರೆ ಚಪ್ಪಟೆ ಪಕ್ಕ ಸವೆದು ತೂತು ದುಂಡಗಾಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಅದು ಬೇರೆ. ನಡುವೆ ಹಿತ್ತಾಳೆ ಬುಷ್ (ಸಣ್ಣ ಕೊಳವೆ) ಕೂರಿಸು. ಬುಷ್ಷಿಗೆ ಪಕ್ಕದಿಂದ ತಲೆಯಿಲ್ಲದ ಒಂದು ಗ್ರಬ್ ಸ್ಕ್ರೂ. ಕಡ್ಡಿಯ ಚಪ್ಪಟೆ ಮೇಲೆ ಸ್ಕ್ರೂ ಕೂತರೆ ಮರ ಏನು ಮಾಡಿದರೂ ನಾಬ್ ಅಲ್ಲಾಡುವುದಿಲ್ಲ. ಬುಷ್ಷಿನ ಹೊರಮೈಗೆ ಗೀರು ಹಾಕಿಸು, ಅರಾಲ್ಡೈಟ್ ಹಿಡಿಯುತ್ತದೆ. ಆದರೆ ಕ್ರಮ ಮರೆಯಬೇಡ: ಮೊದಲು ಕಡೆ, ಅರಗು ಹಿಡಿ, ತಾಳೆಗರಿಯಿಂದ ಹೊಳಪು ಕೊಡು, ಬುಷ್ ಕೊನೆಗೆ. ಮೊದಲೇ ಅಂಟಿಸಿದರೆ ಅರಗು ಕರಗಿಸುವ ಬಿಸಿಗೆ ಅಂಟು ಸಡಿಲವಾಗಬಹುದು.

ಜಾರುವುದು ಇನ್ನೂ ಮಜಾ ಇದೆ. ನೀನು ಲೇತಿನಲ್ಲಿ ನಾಬ್ ಸುತ್ತ ಉಂಗುರದ ಗೆರೆ ಹಾಕಿರುತ್ತೀ, ಬೊಂಬೆಗೆ ಹಾಕುವ ಹಾಗೆ. ನೋಡಲು ಚೆಂದ. ಆದರೆ ಬೆರಳು ತಿರುಗುವುದೂ ಅದೇ ದಿಕ್ಕಿನಲ್ಲಿ, ಹಾಗಾಗಿ ಆ ಗೆರೆ ಹಿಡಿತ ಕೊಡುವುದಿಲ್ಲ. ಗೆರೆ ಮೇಲಿನಿಂದ ಕೆಳಕ್ಕೆ ಇರಬೇಕು. ಅದನ್ನು ತಿರುಗುವ ಲೇತು ಹಾಕಲಾರದು. ಲೇತ್ ನಿಲ್ಲಿಸಿ, ಸುತ್ತಳತೆಯನ್ನು ಹನ್ನೆರಡು ಭಾಗ ಮಾಡಿ, ಅರದಲ್ಲಿ ಒಂದೊಂದು ಹಳ್ಳ ತೆಗೆ, ಆಮೇಲೆ ಅರಗು. ಇಷ್ಟು ಕೆಲಸ ಜಾಸ್ತಿ ಅನ್ನಿಸಿದರೆ ನಾಬಿನ ನಡುವನ್ನು ಡಮರುಗದ ಹಾಗೆ ಸಣ್ಣ ಮಾಡಿ ಎದುರುಬದುರು ಎರಡು ಕಡೆ ಚಪ್ಪಟೆ ಮಾಡು. ಧ್ವನಿ ಎಲ್ಲಿದೆ ಅಂತ ತಿಳಿಯಲು ತಲೆಯ ಅಂಚಿನಲ್ಲಿ ಒಂದೇ ಒಂದು ಕಚ್ಚು ಬಿಡು, ಬೆರಳುಗುರು ಸಿಗುವಷ್ಟು.

ಕಂಪನಿಯವರಿಗೆ ಒಂದು ಚೀಟಿಯಲ್ಲಿ ಬರೆದು ಕೊಡು: ಸ್ಯಾನಿಟೈಜರ್ ಹಾಕಿ ಒರೆಸಬಾರದು ಅಂತ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಮುಖ ಮಂಕಾಗುತ್ತದೆ, ಬೈಗುಳ ನಿನಗೆ ಬರುತ್ತದೆ. ಮತ್ತೆ, ಅಡ್ವಾನ್ಸ್ ಇಲ್ಲದೆ 200ಕ್ಕೆ ಮರ ಕೊಯ್ಯಬೇಡ. ಸ್ಯಾಂಪಲ್ಲಿಗೂ ಬಿಲ್ ಹಾಕು.

ಪ್ರಶ್ನೆ: ಮಗಳಿಗೆ ಪ್ರಾಡಕ್ಟ್ ಡಿಸೈನ್ ಓದುವ ಆಸೆ. ಎಲ್ಲರೂ ಈಗ ಸ್ಕ್ರೀನ್ ಡಿಸೈನಿಗೇ ಕೆಲಸ ಅನ್ನುತ್ತಾರೆ. ಎಲ್ಲಿ ಓದಬಹುದು? (ತಂದೆ, ತುಮಕೂರು)

ಉತ್ತರ: ಅಹಮದಾಬಾದಿನ ರಾಷ್ಟ್ರೀಯ ಡಿಸೈನ್ ಸಂಸ್ಥೆ ಎನ್‌ಐಡಿ 1961ರಿಂದ ಇದೆ, ಮುಂಬಯಿ ಐಐಟಿಯ ಡಿಸೈನ್ ವಿಭಾಗ 1969ರಿಂದ. ಪಿಯು ಆದ ಮೇಲೆ ಐಐಟಿಗಳಿಗೆ ಯುಸೀಡ್ ಅನ್ನುವ ಪ್ರವೇಶ ಪರೀಕ್ಷೆ, ಇಂಜಿನಿಯರಿಂಗ್ ಮುಗಿಸಿದರೆ ಸೀಡ್. ಬೆಂಗಳೂರಿನ ಐಐಎಸ್‌ಸಿಯಲ್ಲೂ ಎಂ.ಡೆಸ್., ಅಂದರೆ ಡಿಸೈನಿನ ಸ್ನಾತಕೋತ್ತರ ಪದವಿ, ಇದೆ, ಅಲ್ಲಿ ಯಂತ್ರದ ಕಡೆ ಒಲವು ಜಾಸ್ತಿ. ಕೆಲಸ ಸ್ಕ್ರೀನಿನ ಕಡೆ ಜಾಸ್ತಿ ಇರುವುದು ನಿಜ. ಆದರೆ ಬ್ಯಾಟರಿ ಸ್ಕೂಟರ್, ವೈದ್ಯಕೀಯ ಉಪಕರಣ ಮಾಡುವವರಿಗೆ ಎರಡೂ ಗೊತ್ತಿರುವವರು ಬೇಕು. ಪರೀಕ್ಷೆಗೆ ಮೊದಲು ಅಟ್ಟದ ಮೇಲಿನ ಹಾಳಾದ ಮಿಕ್ಸಿ ಕೊಡಿ. ಪ್ಲಗ್ ಕಿತ್ತು ಕೊಡಿ. ಬಿಚ್ಚಿ, ಮತ್ತೆ ಜೋಡಿಸಿ, ಕೊನೆಗೆ ಎರಡು ಸ್ಕ್ರೂ ಉಳಿದದ್ದನ್ನು ನೋಡಿ ನಿದ್ದೆ ಬಾರದಿದ್ದರೆ ಸೇರಿಸಿ.

ಪ್ರಶ್ನೆ: ಎಲ್ಲರ ತಪ್ಪು ಹೇಳುತ್ತೀರಲ್ಲ, ನೀವು ಮಾಡಿದ ಕೆಟ್ಟ ವಸ್ತು ಯಾವುದು? (ಓದುಗರು, ಸಾಗರ)

ಉತ್ತರ: ಇದೆ. 1994. ಬೋರ್‌ವೆಲ್ ಪಂಪಿನ ಸ್ಟಾರ್ಟರಿನ ಗುಂಡಿಗಳು. ಹಸಿರು ಶುರು ಮಾಡಲು, ಕೆಂಪು ನಿಲ್ಲಿಸಲು. ಮಾಲೀಕರು ಒಂದೇ ಮೋಲ್ಡ್ ಸಾಕು ಅಂದರು. ಬೆಳಿಗ್ಗೆ ಹಸಿರು ಪ್ಲಾಸ್ಟಿಕ್ ಹಾಕಿ ಓಡಿಸು, ಮಧ್ಯಾಹ್ನ ಕೆಂಪು ಹಾಕಿ ಓಡಿಸು. ನಾನೂ ಹೂಂ ಅಂದೆ. ಎರಡಕ್ಕೂ ಒಂದೇ ಆಕಾರ, ಒಂದೇ ಎತ್ತರ.

ಮರುವರ್ಷ ನೆಂಟರ ಮದುವೆಗೆ ಚಿಂತಾಮಣಿ ಕಡೆ ಹೋಗಿದ್ದೆ. ಒಂದು ಪಂಪ್‌ಮನೆಯಲ್ಲಿ ನನ್ನ ಗುಂಡಿಗಳನ್ನೇ ಕಂಡೆ. ಕೆಂಪು ಗುಂಡಿಗೆ ಹಳೆಯ ಸೈಕಲ್ ಟ್ಯೂಬಿನ ಚೂರು ಬಿಗಿದಿತ್ತು. ಯಾಕೆ ಅಂತ ತೋಟದವರನ್ನು ಕೇಳಿದೆ. "ತ್ರೀ ಫೇಸ್ ಕೊಡೋದು ರಾತ್ರಿ ಎರಡು ಗಂಟೆಗೆ ಸ್ವಾಮಿ. ದೀಪ ಇಲ್ಲ. ಕೈಯೆಲ್ಲ ಕೆಸರು. ಕತ್ತಲಲ್ಲಿ ಕೆಂಪು ಯಾವುದು, ಹಸಿರು ಯಾವುದು?" ಅಂದರು. ಅದರ ಗುಂಡಿ ಮಾಡಿದವನು ನಾನೇ ಅಂತ ಅವರಿಗೆ ಹೇಳಲಿಲ್ಲ. ಊಟ ಮಾಡಿಕೊಂಡು ಬಂದೆ.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಇದೇ ಪಾಠವನ್ನು 1943ರಲ್ಲೇ ಒಬ್ಬರು ಕಲಿತಿದ್ದರು. ಎರಡನೇ ಮಹಾಯುದ್ಧದ ಬಿ-17 ಬಾಂಬರ್ ವಿಮಾನಗಳು ನೆಲಕ್ಕೆ ಇಳಿದ ಮೇಲೆ ಹೊಟ್ಟೆಯ ಮೇಲೆ ಕುಸಿದು ಬೀಳುತ್ತಿದ್ದವು. ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಡುವ ಫ್ಲ್ಯಾಪ್ ಮಡಚಲು ಹೋದ ಪೈಲಟ್ ಚಕ್ರವನ್ನೇ ಮಡಚಿಬಿಡುತ್ತಿದ್ದ. ಆಲ್ಫೋನ್ಸ್ ಚಪಾನಿಸ್ ಅನ್ನುವ ಮನಶ್ಶಾಸ್ತ್ರಜ್ಞ ಹೋಗಿ ನೋಡಿದರೆ ಎರಡು ಸ್ವಿಚ್ಚೂ ಅಕ್ಕಪಕ್ಕ, ನೋಡಲು ಒಂದೇ ಥರ. ಚಕ್ರದ ಸ್ವಿಚ್ಚಿಗೆ ಒಂದು ಪುಟ್ಟ ಚಕ್ರ, ಫ್ಲ್ಯಾಪಿನದಕ್ಕೆ ರೆಕ್ಕೆಯಂಥ ಚೂರು ಅಂಟಿಸಿದ. ಇವತ್ತಿಗೂ ವಿಮಾನದ ಆ ಹಿಡಿಕೆಗಳು ಹಾಗೇ ಇವೆ. ಅವನದನ್ನು ಪುಸ್ತಕಗಳಲ್ಲಿ ಬರೆದಿದ್ದಾರೆ, ಚಿಂತಾಮಣಿಯ ಟ್ಯೂಬಿನ ಚೂರಿನ ಬಗ್ಗೆ ನಾನೇ ಬರೆಯಬೇಕು.

ಪೀಣ್ಯಕ್ಕೆ ವಾಪಸ್ ಬಂದು ಮಾಲೀಕರಿಗೆ ಹೇಳಿದೆ. ಹೊಸ ಮೋಲ್ಡಿಗೆ ದುಡ್ಡಿಲ್ಲ ಅಂದರು. ಹೊಸದು ಬೇಡ, ಇರುವ ಮೋಲ್ಡಿನಲ್ಲೇ ಗುಂಡಿಯ ಮುಖ ಬರುವ ಕಡೆ ಬಿಚ್ಚಿ ಹಾಕುವ ಪಿನ್ ಮಾಡುತ್ತೇನೆ ಅಂದೆ. ಹಸಿರು ಓಡಿಸುವಾಗ ಒಂದು ಪಿನ್, ಮುಖ ತಗ್ಗು ಬೀಳುತ್ತದೆ. ಕೆಂಪು ಓಡಿಸುವಾಗ ಇನ್ನೊಂದು ಪಿನ್, ಮುಖ ಉಬ್ಬಿ ಬರುತ್ತದೆ. ಎರಡು ದಿನದ ಕೆಲಸ. ಮೂರನೆಯ ದಿನ ಎರಡನ್ನೂ ಅವರ ಮೇಜಿನ ಮೇಲಿಟ್ಟೆ. ಕಣ್ಣು ಮುಚ್ಚಿಕೊಂಡು ಮುಟ್ಟಿ ನೋಡಿದರು. "ಇಷ್ಟು ಸುಲಭ ಇದ್ದರೆ ಮೊದಲೇ ಯಾಕಯ್ಯಾ ಮಾಡಲಿಲ್ಲ?" ಅಂದರು. ನಾನು ಟೀ ಕುಡಿಯಲು ಎದ್ದು ಹೋದೆ.